ಮಚ್ಚೆ ಪರೀಕ್ಷೆ: ಅಂಗಾಲಿನಿಂದ ಆರಂಭಿಸಿ

ಶಾಲೆಯ ದಾಖಲಾತಿಯಲ್ಲಿ ಗುರುತಿನ ಚಿಹ್ನೆಯೆಂದು ಬರೆಸಿದ ಮಚ್ಚೆಯನ್ನು ಆಮೇಲೆ ನಾವು ಮತ್ತೆ ನೋಡುವುದೇ ಇಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಒಂದೆಡೆ ಗುಂಪುಗೂಡಿ ಮೂಡುವ ಮಚ್ಚೆಗಳಲ್ಲಿ ಬಹುಪಾಲು ಕೊನೆಯವರೆಗೂ ನಿರಪಾಯಕಾರಿಯೇ. ಆದರೆ ಅದೇ ಕೋಶಗಳಿಂದ ಹುಟ್ಟುವ ಮೆಲನೋಮ ಎಂಬ ಕ್ಯಾನ್ಸರ್ ಬೇಗ ಪತ್ತೆಯಾದರೆ ಸಾಮಾನ್ಯವಾಗಿ ಸಣ್ಣ ಶಸ್ತ್ರಚಿಕಿತ್ಸೆಯಲ್ಲೇ ಗುಣವಾಗುತ್ತದೆ, ತಡವಾದರೆ ಬೇರೆ ಅಂಗಗಳಿಗೆ ಹರಡುತ್ತದೆ. ಅದಕ್ಕಾಗಿ ತಿಂಗಳಿಗೊಮ್ಮೆ, ಸ್ನಾನವಾದ ಮೇಲೆ, ಹಗಲು ಬೆಳಕಿನಲ್ಲಿ ಮೈ ನೋಡಿಕೊಳ್ಳಬೇಕು.

ಮೊದಲು ಅಂಗಾಲು, ಅಂಗೈ, ಉಗುರುಗಳನ್ನು ನೋಡಿ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಮೆಲನೋಮ ಅಪರೂಪ. ಬಂದಾಗ ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲೇ ತಾಗದ ಈ ಜಾಗಗಳಲ್ಲಿ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದದ್ದು ಕಾಲಿನ ಹೆಬ್ಬೆರಳ ಉಗುರಿನಡಿಯ ಮೆಲನೋಮ. 1981ರಲ್ಲಿ, 36ನೇ ವಯಸ್ಸಿನಲ್ಲಿ, ಅವರು ಅದರಿಂದಲೇ ತೀರಿಕೊಂಡರು. ಹಲವು ಉಗುರುಗಳಲ್ಲಿ ತೆಳುವಾದ ಕಪ್ಪು ಗೆರೆಗಳಿರುವುದು ನಮ್ಮಲ್ಲಿ ಸಾಮಾನ್ಯವಾದರೂ, ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಾ ಬುಡದ ಚರ್ಮಕ್ಕೂ ಹಬ್ಬುವ ಗೆರೆಯನ್ನು ತಡಮಾಡದೆ ಚರ್ಮವೈದ್ಯರಿಗೆ ತೋರಿಸಬೇಕು.

ಬಳಿಕ ಉಳಿದ ಮಚ್ಚೆಗಳು. ಮಚ್ಚೆಯ ನಡುವೆ ಒಂದು ಗೆರೆ ಎಳೆದಂತೆ ಊಹಿಸಿಕೊಂಡು ಎರಡು ಅರ್ಧಗಳೂ ಹೋಲುತ್ತವೆಯೇ, ಅಂಚು ನಯವಾಗಿದೆಯೇ ಅಥವಾ ಕಚ್ಚುಕಚ್ಚಾಗಿದೆಯೇ, ಬಣ್ಣ ಒಂದೇ ಇದೆಯೇ ಅಥವಾ ಕಂದು, ಕಪ್ಪು, ಕೆಂಪು ಬೆರೆತಿವೆಯೇ, ಅಗಲ 6 ಮಿಲಿಮೀಟರ್ ಮೀರಿದೆಯೇ ಎಂದು ಗಮನಿಸಿ. ಇವೆಲ್ಲಕ್ಕಿಂತ ಮುಖ್ಯವಾದದ್ದು ಬದಲಾವಣೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಮುಂದಿನ ತಿಂಗಳ ಚಿತ್ರದೊಡನೆ ಹೋಲಿಸಿದರೆ, ಕಣ್ಣಂದಾಜಿಗೆ ಸಿಗದ ಬೆಳವಣಿಗೆಯೂ ತಿಳಿಯುತ್ತದೆ. ಒಬ್ಬರ ಮೈಮೇಲಿನ ಮಚ್ಚೆಗಳು ಒಡಹುಟ್ಟಿದವರಂತೆ ಒಂದನ್ನೊಂದು ಹೋಲುವುದರಿಂದ, ಗುಂಪಿಗೆ ಸೇರದ ಒಂಟಿ ಮಚ್ಚೆಯ ಮೇಲೆ ವಿಶೇಷ ಗಮನವಿರಲಿ. ತುರಿಕೆ, ರಕ್ತ, ಮಾಯದ ಹುಣ್ಣು ಕಂಡರೆ ಮುಂದಿನ ತಿಂಗಳಿಗೆ ಕಾಯಬೇಡಿ.

ಅಸಹಜವಾಗಿ ಕಾಣುವ ಮಚ್ಚೆಯೆಲ್ಲ ಕ್ಯಾನ್ಸರ್ ಅಲ್ಲ. ವೈದ್ಯರು ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಿಂದ ನೋಡಿ, ಅನುಮಾನ ಉಳಿದರೆ ಮಾತ್ರ ಮಚ್ಚೆಯನ್ನು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಸುಣ್ಣ ಹಚ್ಚಿ ಸುಡುವುದು, ದಾರ ಬಿಗಿದು ಉದುರಿಸುವುದು, ಪಾರ್ಲರಿನಲ್ಲಿ ತೆಗೆಸುವುದು ದಯವಿಟ್ಟು ಬೇಡ. ಪರೀಕ್ಷಿಸಬೇಕಾದ ಕೋಶಗಳೇ ಅಲ್ಲಿ ನಾಶವಾಗುತ್ತವೆ, ರೋಗವಿದ್ದರೆ ಒಳಗೆ ಉಳಿದುಬಿಡುತ್ತದೆ. ಆಸ್ಪತ್ರೆಯಲ್ಲಿ ತೆಗೆಸಿದಾಗಲೂ ಬಯಾಪ್ಸಿ ವರದಿಯನ್ನು ಕೇಳಿ ಪಡೆದು ಜೋಪಾನವಾಗಿಡಿ.