ಅನುದಾನದ ಯುಸಿ: ಏಪ್ರಿಲ್‌ನಲ್ಲೇ ಶುರುವಾಗಬೇಕಾದ ಕೆಲಸ

ವಿಶೇಷ ಮಕ್ಕಳ ಶಾಲೆ, ವ್ಯಸನಮುಕ್ತಿ ಕೇಂದ್ರ, ವೃದ್ಧಾಶ್ರಮಗಳಿಗೆ ಕೇಂದ್ರದ ಅನುದಾನ ಬರುವ ಸಂಸ್ಥೆಗಳಲ್ಲಿ ಲೆಕ್ಕ ನೋಡಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಂದಿನ ಕಂತು ತಡೆದು ನಿಲ್ಲುವುದು, ನಾನು ಕಂಡಂತೆ, ಹೆಚ್ಚಾಗಿ ಯುಸಿ ಅಂದರೆ ಬಳಕೆ ಪ್ರಮಾಣಪತ್ರದಲ್ಲಿ. ಕೆಲಸ ಚೆನ್ನಾಗಿಯೇ ನಡೆದಿರುತ್ತದೆ, ಕಾಗದ ಮಾತ್ರ ತಾಳೆಯಾಗುವುದಿಲ್ಲ.

ಮಂಜೂರಾತಿ ಆದೇಶ ಬಂದಾಗ ಮೊತ್ತಕ್ಕಿಂತ ಮೊದಲು ನಾನು ನೋಡುವುದು ಲೆಕ್ಕಶೀರ್ಷಿಕೆ, ಅಂದರೆ ಹಣ ಯಾವ ಬಗೆಯ ಖರ್ಚಿಗೆಂದು ಹೇಳುವ ಸಂಕೇತಸಂಖ್ಯೆ. 31 ಇದ್ದರೆ ಸಾಮಾನ್ಯ ಅನುದಾನ, 35 ಇದ್ದರೆ ಆಸ್ತಿ ಸೃಷ್ಟಿಗೆ, 36 ಇದ್ದರೆ ಸಂಬಳಕ್ಕೆ. ಈ ಮೂರಕ್ಕೂ ಲೆಡ್ಜರ್‌ನಲ್ಲಿ ಬೇರೆ ಬೇರೆ ಪುಟ. ಶಿಕ್ಷಕರ ಹುದ್ದೆ ಆರು ತಿಂಗಳು ಖಾಲಿ ಇತ್ತು, ಆ ಸಂಬಳದ ದುಡ್ಡಲ್ಲಿ ಮಕ್ಕಳಿಗೆ ಕುರ್ಚಿ ಮೇಜು ಕೊಂಡೆವು ಎನ್ನುವುದು ಎಷ್ಟೇ ಸದುದ್ದೇಶದ್ದಾದರೂ, ಮೊದಲೇ ಅನುಮತಿ ಪಡೆಯದಿದ್ದರೆ ಆಕ್ಷೇಪಣೆಗೆ ಗುರಿಯಾಗುತ್ತದೆ.

ಅನುದಾನದ ಷರತ್ತು ಪಾಲಿಸುತ್ತೇವೆಂದು ಬಾಂಡ್ ಬರೆದುಕೊಡಬೇಕಾದ ಕಡೆ ಅದನ್ನು ಓದಿಯೇ ಸಹಿ ಹಾಕಿ. ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 2017ರ ನಿಯಮ 231ರ ಪ್ರಕಾರ ಷರತ್ತು ಮುರಿದರೆ ಅನುದಾನವನ್ನು ಶೇ 10ರ ಬಡ್ಡಿಯೊಂದಿಗೆ ವಾಪಸ್ ಕಟ್ಟುವ ಹೊಣೆ ಸಹಿ ಮಾಡಿದ ಆಡಳಿತ ಮಂಡಳಿ ಸದಸ್ಯರ ಮೇಲೆ ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ಇರುತ್ತದೆ. ಯೋಜನೆಯನ್ನು ಇನ್ನೊಂದು ಸಂಸ್ಥೆಗೆ ವಹಿಸಿಕೊಡುವಂತಿಲ್ಲ ಎಂಬುದೂ ಅದರಲ್ಲೇ ಇದೆ. ಹೆಸರಿಗಷ್ಟೇ ಸದಸ್ಯರಾಗಿರುವ ಊರ ಹಿರಿಯರಿಗೆ ಇದನ್ನು ಯಾರಾದರೂ ಕನ್ನಡದಲ್ಲಿ ಹೇಳಬೇಕು.

ಖಾತೆಯ ವಿಷಯ. ಪಿಎಫ್‌ಎಂಎಸ್ (ಕೇಂದ್ರದ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆ) ಮೂಲಕ ಶೂನ್ಯ ಶಿಲ್ಕಿನ ಖಾತೆಯಲ್ಲಿ ಖರ್ಚು ಮಾಡುವ ಯೋಜನೆಯಾದರೆ ಬಡ್ಡಿಯ ತಲೆನೋವೇ ಇಲ್ಲ. ಉಳಿತಾಯ ಖಾತೆಗೆ ದುಡ್ಡು ಬರುವುದಾದರೆ ಅದು ಆ ಯೋಜನೆಗೆ ಮಾತ್ರ ಮೀಸಲಾದ ಖಾತೆಯಾಗಿರಲಿ. ಆಟೋ ಸ್ವೀಪ್ ಸೌಲಭ್ಯ ಇದ್ದರೆ ಬರವಣಿಗೆಯಲ್ಲಿ ಕೇಳಿ ತೆಗೆಸಿಬಿಡಿ. ಅದು ಇದ್ದರೆ ಹಣ ತಾನಾಗಿ ಠೇವಣಿಯಾಗಿ, ಬಡ್ಡಿ ಯಾವ ವರ್ಷದ್ದೆಂದು ಹುಡುಕುವುದೇ ಒಂದು ಕೆಲಸವಾಗುತ್ತದೆ. ನಿಯಮ 230(8)ರಂತೆ ಬಡ್ಡಿಯೆಲ್ಲ ಸರ್ಕಾರದ್ದು. ಲೆಕ್ಕ ಅಂತಿಮವಾದ ಕೂಡಲೇ ಅದನ್ನು ಕಟ್ಟಬೇಕು, ಮುಂದಿನ ಕಂತಿನಲ್ಲಿ ಹಿಡಿದುಕೊಳ್ಳಿ ಎನ್ನುವಂತಿಲ್ಲ. ನಾವು ಕೇಂದ್ರಕ್ಕೆ ಹಣ ಕಟ್ಟುವ ಭಾರತ್‌ಕೋಶ್ ಪೋರ್ಟಲ್‌ನಲ್ಲಿ ಸಚಿವಾಲಯ ಆರಿಸಿ ಕಟ್ಟಿ, ರಸೀದಿಯನ್ನು ಯುಸಿ ಜೊತೆಗೇ ಲಗತ್ತಿಸುತ್ತೇವೆ.

ಈಗ ನಮೂನೆ 12-ಎ, ಅಂದರೆ ಯುಸಿ ಬರೆಯುವ ಜಿಎಫ್‌ಆರ್ ನಮೂನೆ. ಎಡವುವುದು ಇಲ್ಲಿಯೇ, ಆದ್ದರಿಂದ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ವರ್ಷದ ಆರಂಭದಲ್ಲಿ ಬ್ಯಾಂಕಿನಲ್ಲಿ 40,000, ಸಿಬ್ಬಂದಿ ಕೈಯಲ್ಲಿ ಲೆಕ್ಕ ಕೊಡದ ಮುಂಗಡ 10,000, ಒಟ್ಟು 50,000. ಬಡ್ಡಿ 3,000 ಬಂತು, ಅದೇ ವರ್ಷ 3,000 ವಾಪಸ್ ಕಟ್ಟಿದಿರಿ. ಹೊಸ ಅನುದಾನ 12,00,000. ಬಳಕೆಗೆ ಸಿಕ್ಕಿದ್ದು 12,50,000. ಖರ್ಚು 11,80,000. ಉಳಿದದ್ದು 70,000. ಆ 70,000 ಎಲ್ಲಿದೆ ಎಂದು ಕೊನೆಯಲ್ಲಿ ಮತ್ತೆ ಒಡೆದು ತೋರಿಸಬೇಕು: ಬ್ಯಾಂಕಿನಲ್ಲಿ 55,000, ಬಾಕಿ ಮುಂಗಡ 15,000.

ಮುಂಗಡ ಖರ್ಚಲ್ಲ. ಶಿಬಿರಕ್ಕೆಂದು ಮಾರ್ಚ್ 29ರಂದು ಕೊಟ್ಟ 15,000ವನ್ನು ಖರ್ಚಿಗೆ ಸೇರಿಸಿಬಿಟ್ಟರೆ ಯುಸಿ ಅಂದವಾಗಿ ಕಾಣುತ್ತದೆ ನಿಜ, ಆದರೆ ಏಪ್ರಿಲ್‌ನಲ್ಲಿ ಅದರಲ್ಲಿ 4,000 ವಾಪಸ್ ಬಂದಾಗ ಮುಂದಿನ ವರ್ಷದ ಆರಂಭಿಕ ಶಿಲ್ಕು ಹೊಂದುವುದಿಲ್ಲ. ಬಡ್ಡಿ ಮಾರ್ಚ್ ಕೊನೆಗೆ ಜಮಾ ಆಗಿ, ನೀವು ಜೂನ್‌ನಲ್ಲಿ ಕಟ್ಟಿದರೆ, ಈ ವರ್ಷದ ‘ವಾಪಸ್ ಕಟ್ಟಿದ್ದು’ ಕಲಂನಲ್ಲಿ ಸೊನ್ನೆಯೇ ಬರಬೇಕು. ಮಂಜೂರಾತಿ ಮಾರ್ಚ್ 28ರದ್ದು, ದುಡ್ಡು ಏಪ್ರಿಲ್‌ನಲ್ಲಿ ಬಂತು ಎಂದಾದರೆ, ಹಣ ಬಂದ ವರ್ಷದ ಯುಸಿಯಲ್ಲೇ ತೋರಿಸಿ, ಆದೇಶದ ಸಂಖ್ಯೆ, ದಿನಾಂಕ ಮಾತ್ರ ಹಳೆಯದೇ ಇರಲಿ. ಪಾಸ್‌ಬುಕ್ಕಿನ ಶಿಲ್ಕು 55,000ಕ್ಕಿಂತ ಹೆಚ್ಚಿದ್ದರೆ ಗಾಬರಿ ಬೇಡ. ನಗದಾಗದ ಚೆಕ್, ಮಾರ್ಚ್‌ನಲ್ಲಿ ಹಿಡಿದು ಇನ್ನೂ ಕಟ್ಟದ ಟಿಡಿಎಸ್ ಇದ್ದೇ ಇರುತ್ತವೆ. ಅವನ್ನು ಪಟ್ಟಿ ಮಾಡಿದ ಸಮನ್ವಯ ಪತ್ರವೊಂದನ್ನು ಲಗತ್ತಿಸಿದರೆ ಸಾಕು.

ನಿಯಮ 238 ಯುಸಿ ಕಳಿಸಲು ಹಣಕಾಸು ವರ್ಷ ಮುಗಿದ ಮೇಲೆ ಹನ್ನೆರಡು ತಿಂಗಳು ಕೊಡುತ್ತದೆ. ಅಷ್ಟು ದಿನ ಕೂತರೆ ಸಂಬಳ ಕೊಡುವುದು ಹೇಗೆ? ಹಿಂದಿನ ವರ್ಷದ ಯುಸಿ ಮತ್ತು ಲೆಕ್ಕಪರಿಶೋಧನೆಯಾದ ಲೆಕ್ಕಪತ್ರ ಹೋಗದೆ ಈ ವರ್ಷದ ಮಂಜೂರಾತಿಯ ಶೇ 75ಕ್ಕಿಂತ ಹೆಚ್ಚು ಬಿಡುಗಡೆಯಾಗುವುದಿಲ್ಲ. ಸಿಎ ಸಹಿಯ ಪ್ರತಿ ಕಳಿಸುವಾಗ ಯುಡಿಐಎನ್, ಅಂದರೆ ಸಿಎ ಸಹಿ ಮಾಡಿದ ದಾಖಲೆಯ 18 ಅಂಕಿ-ಅಕ್ಷರಗಳ ವಿಶಿಷ್ಟ ಗುರುತು, ಇದೆಯೇ ನೋಡಿಕೊಳ್ಳಿ. ‘ಗುರಿ ಎಷ್ಟು, ಸಾಧಿಸಿದ್ದು ಎಷ್ಟು, ಕಡಿಮೆಯಾದರೆ ಏಕೆ’ ಎಂಬ ಭಾಗವನ್ನು ಹಲವರು ಖಾಲಿ ಬಿಡುತ್ತಾರೆ. 50 ಮಕ್ಕಳ ಬದಲು 43 ಮಕ್ಕಳಿದ್ದರೆ ಕಾರಣ ಬರೆದು, ಹಾಜರಿ ಪುಸ್ತಕದ ಪ್ರತಿ ಇಡಿ.

ಸಂಬಳದಲ್ಲಿ ಇನ್ನೊಂದು ಗುಂಡಿಯಿದೆ. ಮಂಜೂರಾದ ಗೌರವಧನದಲ್ಲಿ ಮಾಲೀಕರ ಪಾಲಿನ ಪಿಎಫ್ ಶೇ 12, ಇಎಸ್‌ಐ ಶೇ 3.25 ಸೇರಿದೆಯೋ ಇಲ್ಲವೋ ಎಂದು ಬಜೆಟ್ ಹಂತದಲ್ಲೇ ಬರೆದು ಕೇಳಿ. ಸೇರಿರದಿದ್ದರೆ ಅದು ಸಂಸ್ಥೆಯ ಸ್ವಂತ ದುಡ್ಡಿನಿಂದ ಹೋಗುತ್ತದೆ. ಅದನ್ನು ನೌಕರರ ಸಂಬಳದಿಂದ ಮುರಿದುಕೊಳ್ಳುವುದು ಕಾನೂನುಬಾಹಿರ.

ಓಚರ್‌ಗೆ ನಮ್ಮಲ್ಲಿ ಒಂದೇ ಕಟ್ಟುನಿಟ್ಟು: ಯೋಜನೆಯ ಹೆಸರಿನ ಮೊಹರು ಬೀಳದ ಬಿಲ್ ಫೈಲಿಗೆ ಹೋಗುವುದಿಲ್ಲ. ಒಂದೇ ಬಿಲ್ಲನ್ನು ಎರಡು ಯೋಜನೆಗೆ ತೋರಿಸುವ ಅನುಮಾನ ಹುಟ್ಟದಿರಲು ಇದೇ ಸುಲಭ ದಾರಿ. 5,000 ಮೀರಿದ ನಗದು ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಹಚ್ಚಿಸಿ.

ಶೀರ್ಷಿಕೆ 35ರಲ್ಲಿ ಕೊಂಡ ಸಾಮಾನುಗಳಿಗೆ ಜಿಎಫ್‌ಆರ್ 22ರ ನಮೂನೆಯಲ್ಲಿ ಆಸ್ತಿ ವಹಿ ಇಡುತ್ತೇವೆ, ವಸ್ತುವಿನ ಮೇಲೂ ಬಣ್ಣದಲ್ಲಿ ಸಂಖ್ಯೆ ಬರೆಸುತ್ತೇವೆ. ಕೆಟ್ಟ ಹೊಲಿಗೆ ಯಂತ್ರವನ್ನೂ ಅನುಮತಿ ಇಲ್ಲದೆ ಗುಜರಿಗೆ ಹಾಕುವಂತಿಲ್ಲ. ವರ್ಷದ ಅನುದಾನ 25 ಲಕ್ಷಕ್ಕೆ ಕಡಿಮೆಯಿಲ್ಲದೆ, ಅದು ಸಂಸ್ಥೆಯ ಒಟ್ಟು ಖರ್ಚಿನ ಶೇ 75ರಷ್ಟೋ ಹೆಚ್ಚೋ ಆಗಿದ್ದರೆ ಸಿಎಜಿ (ಭಾರತದ ನಿಯಂತ್ರಕರು ಮತ್ತು ಮಹಾಲೇಖಪಾಲರು) ಕುರಿತ 1971ರ ಕಾಯ್ದೆಯ ಸೆಕ್ಷನ್ 14ರ ಪ್ರಕಾರ ಅವರ ಲೆಕ್ಕಪರಿಶೋಧನೆಯೂ ಬರುತ್ತದೆ. ಆಗ ಅವರು ಆಸ್ತಿ ವಹಿ ಹಿಡಿದು ಕೋಣೆ ಕೋಣೆ ಸುತ್ತಿ ಸಾಮಾನು ಎಣಿಸಲೂಬಹುದು.