ಎದ್ದ ಕೂಡಲೇ ತಲೆ ದಿಮ್ಮೆನ್ನುತ್ತಾ? ಏಳುವುದಕ್ಕೂ ಒಂದು ಕ್ರಮವಿದೆ

ಹೊರನಾಡು ದೇವಸ್ಥಾನದ ಪಂಕ್ತಿ ಊಟದಲ್ಲಿ, ನಮ್ಮ ಕಡೆಯ ಮದುವೆ ಮನೆಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಚಕ್ಕಳಮಕ್ಕಳ ಹಾಕಿ ಕೂತವರು ದಡಕ್ಕನೆ ಏಳುತ್ತಾರೆ, ಗೋಡೆ ಹಿಡಿಯುತ್ತಾರೆ. ತಲೆಯೊಳಗೆ ಒತ್ತಿದ ಹಾಗೆ, ಕಣ್ಣಿಗೆ ಕತ್ತಲೆ. ‘ಬಿಪಿ ಏರಿತು’ ಅಂತ ಇನ್ನೊಂದು ಮಾತ್ರೆ ನುಂಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎದ್ದಾಗ ಮಾತ್ರ ಹೀಗಾದರೆ ಹೆಚ್ಚಿನ ಸಲ ಬಿಪಿ ಏರಿರುವುದಿಲ್ಲ, ಇಳಿದಿರುತ್ತದೆ.

ನಿಂತಾಗ ಅರ್ಧ ಲೀಟರಿನಷ್ಟು ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಆಗ ಹೃದಯ ಬೇಗ ಬಡಿದು, ರಕ್ತನಾಳಗಳು ಬಿಗಿಯಾಗಿ ಅದನ್ನು ಸರಿದೂಗಿಸಬೇಕು. ಅದು ತಡವಾದರೆ ಮಿದುಳಿಗೆ ರಕ್ತ ಸಾಲದು. ವಯಸ್ಸು, ನೀರು ಕುಡಿಯದಿರುವುದು, ರಕ್ತ ಕಡಿಮೆ ಇರುವುದು, ಹಳೆಯ ಶುಗರ್, ಬಿಪಿ ಅಥವಾ ಪ್ರಾಸ್ಟೇಟ್ ಮಾತ್ರೆ, ಹೀಗೆ ಕಾರಣಗಳು ಹಲವು. ಹೊಟ್ಟೆ ತುಂಬ ಉಂಡ ಮೇಲೆ ಇನ್ನೂ ಜಾಸ್ತಿ.

ಮೊದಲು ನೀರು. ಬೆಳಿಗ್ಗೆ ಕಾಫಿಗೆ ಮುಂಚೆ ಹಾಸಿಗೆಯಲ್ಲೇ ಕೂತು ಎರಡು ಲೋಟ. ಹೃದಯ, ಕಿಡ್ನಿ ತೊಂದರೆಗೆ ನೀರು ಕಡಿಮೆ ಮಾಡಲು ಹೇಳಿದ್ದರೆ ಡಾಕ್ಟರ್ ಹೇಳಿದಷ್ಟೇ.

ಈಗ ಏಳುವುದು. ಎಲ್ಲರೂ ತಪ್ಪುವುದು ಇಲ್ಲೇ. ಕುರ್ಚಿಯಲ್ಲಿ ಕೂತಲ್ಲೇ ಹಿಮ್ಮಡಿ, ಬೆರಳು ಒಂದಾದ ಮೇಲೊಂದು ಎತ್ತಿ ಇಳಿಸಿ, ಇಪ್ಪತ್ತು ಸಲ. ತೊಡೆ ಬಿಗಿ ಹಿಡಿದು ಬಿಡಿ, ಮುಷ್ಟಿ ಕಟ್ಟಿ ಬಿಡಿ. ಮೀನಖಂಡ ಬಿಗಿಯಾದಾಗ ಕಾಲಿನ ರಕ್ತ ಮೇಲಕ್ಕೆ ಹೋಗುತ್ತದೆ. ಆಮೇಲೆ ಕುರ್ಚಿಯ ಅಂಚಿಗೆ ಸರಿದು, ಕೈ ಊರಿ ಏಳಿ. ಉಸಿರು ಕಟ್ಟಿ ತಿಣುಕಬೇಡಿ, ಬಿಪಿ ಇನ್ನೂ ಕುಸಿಯುತ್ತದೆ. ಎದ್ದ ಕೂಡಲೇ ಹೆಜ್ಜೆ ಇಡಬೇಡಿ. ಏನನ್ನಾದರೂ ಹಿಡಿದುಕೊಂಡು ಕಾಲಿಗೆ ಕಾಲು ಅಡ್ಡ ಹಾಕಿ, ತೊಡೆ, ಪಿರ್ರೆ ಬಿಗಿ ಮಾಡಿ ಹತ್ತು ಎಣಿಸಿ. ಕಣ್ಣು ಕತ್ತಲೆ ಬಂತೋ, ನಾಚಿಕೆ ಬಿಟ್ಟು ತಕ್ಷಣ ಕೂತುಬಿಡಿ. ನೆಲದಿಂದಾದರೆ ಮಗ್ಗುಲಾಗಿ, ಕೈ ಮಂಡಿ ಊರಿ, ಮೊದಲು ಸ್ಟೂಲಿನ ಮೇಲೆ ಕೂತು ಆಮೇಲೆ ನಿಲ್ಲಿ. ‘ಬನ್ನಿ ಅಜ್ಜಾ’ ಅಂತ ರಟ್ಟೆ ಹಿಡಿದು ಎಳೆಯುವವರಿಗೆ ಒಂದು ನಿಮಿಷ ತಾಳಿ ಅನ್ನಿ.

ಮಲೆನಾಡಿನ ಬಚ್ಚಲ ಬಗ್ಗೆ ನನಗೆ ನಿಜಕ್ಕೂ ಭಯ. ಹಂಡೆಯ ಸುಡು ನೀರು ಹೊಯ್ದುಕೊಂಡಾಗ ಚರ್ಮದ ನಾಳಗಳು ಹಿಗ್ಗಿ ಬಿಪಿ ಇಳಿಯುತ್ತದೆ. ನೀರು ಹದಬಿಸಿ ಇರಲಿ. ಸ್ನಾನ ಮುಗಿದ ಮೇಲೆ ಮೈ ಒರೆಸುವುದೂ ಕೂತೇ ಆಗಲಿ. ಹಗುರ ಪ್ಲಾಸ್ಟಿಕ್ ಸ್ಟೂಲ್ ಬೇಡ, ಜಾರುತ್ತದೆ. ರಾತ್ರಿ ಮೂತ್ರಕ್ಕೆ ಎದ್ದ ಗಂಡಸರೂ ಕೂತೇ ಮಾಡುವುದು ಒಳ್ಳೆಯದು.

ಜಾತ್ರೆ, ಮೇಳಗಳಲ್ಲಿ ‘ರಕ್ತ ಸಂಚಾರಕ್ಕೆ’ ಅಂತ ಮಾರುವ ಅಯಸ್ಕಾಂತದ ಬಳೆ ಸುಮ್ನೆ ದುಡ್ಡು ದಂಡ. ಆ ದುಡ್ಡಿಗೆ ತೋಳಿಗೆ ಕಟ್ಟುವ ಬಿಪಿ ಮೆಷಿನ್ ತನ್ನಿ. ಐದು ನಿಮಿಷ ಮಲಗಿ ಒಮ್ಮೆ, ಎದ್ದು ನಿಂತು 1 ನಿಮಿಷಕ್ಕೆ, 3 ನಿಮಿಷಕ್ಕೆ ಒಮ್ಮೊಮ್ಮೆ ನೋಡಿ. ಮೇಲಿನ ಅಂಕಿ 20, ಇಲ್ಲವೇ ಕೆಳಗಿನದು 10 ಇಳಿದರೆ ಬರೆದಿಟ್ಟು, ನುಂಗುವ ಎಲ್ಲ ಮಾತ್ರೆಗಳ ಜೊತೆ ಡಾಕ್ಟರಿಗೆ ತೋರಿಸಿ. ನೀವೇ ಮಾತ್ರೆ ನಿಲ್ಲಿಸಬೇಡಿ.

ಯಾರಾದರೂ ಹೀಗೆ ತಲೆ ತಿರುಗಿ ಬಿದ್ದರೆ ಎತ್ತಿ ಕುರ್ಚಿಗೆ ಕೂರಿಸಬೇಡಿ. ಅಂಗಾತ ಮಲಗಿಸಿ, ಕಾಲು ಎತ್ತಿ ಹಿಡಿಯಿರಿ. ಬಾಯಿಗೆ ನೀರು ಹಾಕಬೇಡಿ. ಎಚ್ಚರ ಬಾರದಿದ್ದರೆ, ಎದೆ ನೋವು, ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಕಪ್ಪು ಮಲ ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ.