ಟ್ಯಾಂಕ್ ತುಂಬಿದಾಗ ಮಾತ್ರ ಬೂಟ್ ಆಗದ ಬೋರ್ಡ್

ನಮ್ಮ ಮನೆ ಶಿರಸಿ ಹತ್ತಿರ, ನಾನಿರುವುದು ಕಾರವಾರದಲ್ಲಿ. ಊರಲ್ಲಿ ಅಡಿಕೆ ತೋಟ. ಬಾವಿಯಿಂದ ಮೇಲಿನ ಟ್ಯಾಂಕಿಗೆ ನೀರು ಎತ್ತಬೇಕು. ಟ್ಯಾಂಕ್ ಖಾಲಿಯಾದರೆ ಪಂಪ್ ಶುರು, ತುಂಬಿದರೆ ಬಂದ್, ಇಷ್ಟು ಮಾಡುವ ಒಂದು ಬೋರ್ಡನ್ನು ನಾನೇ ಡಿಸೈನ್ ಮಾಡಿ, ಪಿಸಿಬಿ ತರಿಸಿ, ಸೋಲ್ಡರ್ ಮಾಡಿದ್ದೆ. ಅದರಲ್ಲಿರುವುದು ಇಎಸ್‌ಪಿ32 ವ್ರೂಮ್-32 ಮಾಡ್ಯೂಲ್, ಅಂದರೆ ವೈಫೈ ಇರುವ ಒಂದು ಪುಟ್ಟ ಕಂಪ್ಯೂಟರ್ ಚಿಪ್. ಕಾರವಾರದಲ್ಲಿ ಮೇಜಿನ ಮೇಲೆ ಮೂರು ದಿನ ಇಟ್ಟು ನೋಡಿದೆ, ಒಂದು ಸಲವೂ ಕೈಕೊಡಲಿಲ್ಲ.

ಪಂಪ್ ಶೆಡ್ಡಿನಲ್ಲಿ ಕೂರಿಸಿ ಒಂದು ವಾರ ಆಗಿತ್ತೋ ಇಲ್ಲವೋ, ಅಪ್ಪಯ್ಯನ ಫೋನ್ ಬಂತು. ರಾತ್ರಿ ಕರೆಂಟ್ ಹೋಗಿ ಬಂದಿದೆ. ಕೆಂಪು ಲೈಟ್ ಉರಿಯುತ್ತಿದೆ, ಹಸಿರು ಲೈಟ್ ಮಿನುಗುತ್ತಿಲ್ಲ. ಅಂದರೆ ಬೋರ್ಡಿಗೆ ಕರೆಂಟ್ ಬಂದಿದೆ, ಪ್ರೋಗ್ರಾಂ ಶುರುವಾಗಿಲ್ಲ. ಶನಿವಾರ ಕುಮಟಾಕ್ಕೆ ಹೋಗಿ, ದೇವಿಮನೆ ಘಟ್ಟ ಹತ್ತಿ ಮನೆ ಸೇರಿ ಸ್ವಿಚ್ ಹಾಕಿದರೆ, ಒಂದೇ ಸಲಕ್ಕೆ ಬೂಟ್ ಆಯಿತು. ಹತ್ತು ಸಲ ತೆಗೆದು ಹಾಕಿದೆ. ಹತ್ತು ಸಲವೂ ಆಯಿತು.

ಬಿಚ್ಚಿಕೊಂಡು ಕಾರವಾರಕ್ಕೆ ತಂದೆ. ಮೊದಲ ಅನುಮಾನ ಪವರ್ ಮೇಲೆ. ಈ ಚಿಪ್ ವೈಫೈ ಶುರು ಮಾಡುವಾಗ ಗಬಕ್ಕನೆ ಕರೆಂಟ್ ಎಳೆಯುತ್ತದೆ, ಸಪ್ಲೈ 500 ಮಿಲಿಆಂಪ್ ಆದರೂ ಕೊಡುವಂತಿರಬೇಕು. ರೆಗ್ಯುಲೇಟರಿನ ಹತ್ತಿರ ಅಳೆದರೆ 3.28 ವೋಲ್ಟ್, ಏನೂ ತಪ್ಪಿಲ್ಲ. ಆದರೂ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಚಿಪ್ಪನ್ನು ಎಬ್ಬಿಸುವ ಎನೇಬಲ್ ಪಿನ್ನಿಗಿದ್ದ ಚಿಕ್ಕ ಕೆಪಾಸಿಟರ್ ತೆಗೆದು 1 ಮೈಕ್ರೋಫ್ಯಾರಡ್ ಹಾಕಿದೆ, ವೋಲ್ಟೇಜ್ ನಿಧಾನಕ್ಕೆ ಏರಿದರೂ ಚಿಪ್ ಅವಸರ ಮಾಡಬಾರದು ಅಂತ. ನಮ್ಮ ಕಡೆ ಥಂಡಿ ಜಾಸ್ತಿ ಅಲ್ವಾ, ಸೋಲ್ಡರ್ ಮಾಡುವಾಗ ಹಚ್ಚುವ ಫ್ಲಕ್ಸ್ ಉಳಿದು ಆ ತೇವಕ್ಕೆ ಕರೆಂಟ್ ಸೋರುತ್ತಿರಬಹುದು ಅಂತ ಐಸೋಪ್ರೊಪೈಲ್ ಹಾಕಿ ಬ್ರಶ್ಶಿನಲ್ಲಿ ತಿಕ್ಕಿದೆ. ಮೇಜಿನ ಮೇಲೆ ಎಲ್ಲಾ ಸರಿ. ಊರಿಗೆ ಹೋಗಿ ಕೂರಿಸಿ ಬಂದೆ. ನಾಲ್ಕನೇ ದಿನ ಮತ್ತೆ ಅದೇ ಫೋನ್.

ಈ ಸಲ ಅಪ್ಪಯ್ಯ ಒಂದು ಮಾತು ಹೇಳಿದರು. "ತಮಾ, ಟಾಂಕಿ ತುಂಬಿದ್ರೆ ಮಾತ್ರ ಹೀಂಗ್ ಆಗ್ತು ನೋಡು. ಖಾಲಿ ಇದ್ರೆ ಎಂತ ತೊಂದ್ರೆನೂ ಇಲ್ಲೆ." ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ತಲೆಯಲ್ಲಿ. ನಾನು ಮನೆ ಮುಟ್ಟುವಷ್ಟರಲ್ಲಿ ತೋಟಕ್ಕೆ ನೀರು ಬಿಟ್ಟು ಟ್ಯಾಂಕ್ ಖಾಲಿ ಆಗಿರುತ್ತಿತ್ತು. ಅದಕ್ಕೇ ನಾನು ಹೋದಾಗೆಲ್ಲ ಬೋರ್ಡ್ ಸರಿ ಇರುತ್ತಿತ್ತು.

ಬೋರ್ಡ್ ಬಿಚ್ಚಲಿಲ್ಲ. ಪಂಪನ್ನು ಕೈಯಲ್ಲೇ ಓಡಿಸಿ ಟ್ಯಾಂಕ್ ತುಂಬಿಸಿದೆ. ಶೆಡ್ಡಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಸೀರಿಯಲ್ ಕೇಬಲ್ ಚುಚ್ಚಿ, 115200 ವೇಗಕ್ಕೆ ಇಟ್ಟು ಸ್ವಿಚ್ ಹಾಕಿದೆ. ತೆರೆಯ ಮೇಲೆ ಒಂದೇ ಸಾಲು ಮತ್ತೆ ಮತ್ತೆ: ಫ್ಲ್ಯಾಶ್ ರೀಡ್ ಎರರ್ 1000 (ಪ್ರೋಗ್ರಾಂ ಇರುವ ಫ್ಲ್ಯಾಶ್ ಮೆಮೊರಿ ಓದಲು ಆಗುತ್ತಿಲ್ಲ), ಆಮೇಲೆ ವಾಚ್‌ಡಾಗ್ ರೀಸೆಟ್ (ಸಿಕ್ಕಿಬಿದ್ದ ಚಿಪ್ ತಾನೇ ಮತ್ತೆ ಶುರುವಾಗುವುದು), ಮತ್ತೆ ಫ್ಲ್ಯಾಶ್ ರೀಡ್ ಎರರ್. ಅದರ ಹಿಂದಿನ ಸಾಲಿನಲ್ಲಿ ಬೂಟ್ ಅಂತ ಬರೆದು ಪಕ್ಕದಲ್ಲಿ ಹೆಕ್ಸ್ (ಹದಿನಾರರ ಲೆಕ್ಕದ) 33. ಟ್ಯಾಂಕಿನ ನೀರಿನ ಮಟ್ಟ ತಿಳಿಸುವ ತೇಲುವ ಫ್ಲೋಟ್ ಸ್ವಿಚ್ಚನ್ನು, ಟ್ಯಾಂಕ್ ಖಾಲಿ ಇದ್ದ ಹಾಗೆ, ಕೈಯಿಂದ ಕೆಳಗೆ ಒತ್ತಿ ಹಿಡಿಯಲು ಅಪ್ಪಯ್ಯನನ್ನು ಟ್ಯಾಂಕ್ ಹತ್ತಿರ ಕಳಿಸಿದೆ. ಸ್ವಿಚ್ ಹಾಕಿದರೆ ಅಲ್ಲಿ ಹೆಕ್ಸ್ 13, ಬೋರ್ಡ್ ಸಲೀಸಾಗಿ ಶುರು.

ಆ ನಂಬರ್ ಸುಮ್ನೆ ಬರುವುದಲ್ಲ. ರೀಸೆಟ್‌ನಿಂದ ಏಳುವ ಗಳಿಗೆಯಲ್ಲಿ ಚಿಪ್ ಕೆಲವು ಪಿನ್‌ಗಳನ್ನು ನೋಡಿ, ಯಾವುದರ ವೋಲ್ಟೇಜ್ ಮೇಲಿದೆ, ಯಾವುದರದ್ದು ಕೆಳಗಿದೆ ಅಂತ ಬರೆದಿಡುತ್ತದೆ. 13ಕ್ಕೂ 33ಕ್ಕೂ ಇರುವ ವ್ಯತ್ಯಾಸ ಒಂದೇ ಬಿಟ್, ಅದು ಜಿಪಿಐಒ 12, ಅಂದರೆ 12 ಅಂತ ನಂಬರಿರುವ ಇನ್‌ಪುಟ್-ಔಟ್‌ಪುಟ್ ಪಿನ್. ಈ ಪಿನ್ ಏಳುವಾಗ ಮೇಲಿದ್ದರೆ ಚಿಪ್ ಫ್ಲ್ಯಾಶ್ ಮೆಮೊರಿಗೆ 3.3 ವೋಲ್ಟ್ ಬದಲು 1.8 ಕೊಡುತ್ತದೆ. ನನ್ನ ಮಾಡ್ಯೂಲಿನ ಫ್ಲ್ಯಾಶ್ 3.3ರದ್ದು. ಓದಲು ಆಗದೆ ಸುಮ್ಮನಾಗುತ್ತದೆ.

ನಾನು ಫ್ಲೋಟ್ ಕೊಟ್ಟಿದ್ದು ಅದೇ 12ಕ್ಕೆ, 10ಕೆ ಪುಲ್‌ಅಪ್ (ಪಿನ್ನನ್ನು ಮೇಲೆಳೆಯುವ 10 ಸಾವಿರ ಓಮ್ ರೆಸಿಸ್ಟರ್) ಹಾಕಿ. ಟ್ಯಾಂಕ್ ತುಂಬಿದರೆ ಸ್ವಿಚ್ ತೆರೆದುಕೊಳ್ಳುತ್ತದೆ, ಪಿನ್ ಮೇಲೆ ಹೋಗುತ್ತದೆ. ಚಿಪ್ಪಿನ ಒಳಗೆ ಕೆಳಗೆಳೆಯುವ ರೆಸಿಸ್ಟರ್ ಇದೆ, ಆದರೆ ಅದು ಸುಮಾರು 45ಕೆ. ನನ್ನ 10ಕೆ ಎದುರು ಅದರ ಆಟ ನಡೆಯುವುದಿಲ್ಲ. ಮೀಟರ್ ಇಟ್ಟರೆ ಪಿನ್ನಿನಲ್ಲಿ 2.7 ವೋಲ್ಟ್, ಸುಮಾರು 2.5 ದಾಟಿದರೆ ಅದಕ್ಕೆ ಮೇಲೆ ಅಂತಲೇ ಲೆಕ್ಕ.

ಹಾಗಾದರೆ ಕಾರವಾರದಲ್ಲಿ ಒಂದು ಸಲವೂ ಯಾಕೆ ಆಗಲಿಲ್ಲ? ಪಂಪ್ ಶುರು ಮಾಡುವ ರಿಲೇ ಓಡಲಿ ಅಂತ ಫ್ಲೋಟಿನ ಕನೆಕ್ಟರಿಗೆ, ಸ್ವಿಚ್ ಮುಚ್ಚಿದ ಹಾಗೆ, ಒಂದೂವರೆ ಇಂಚಿನ ಹಳದಿ ವಯರ್ ಸಿಕ್ಕಿಸಿ ಇಟ್ಟಿದ್ದೆ. ನನ್ನ ಮೇಜಿನ ಮೇಲೆ ಟ್ಯಾಂಕ್ ಯಾವಾಗಲೂ ಖಾಲಿ.

ರಿಪೇರಿಗೆ ಎರಡು ದಾರಿ ಇತ್ತು. ಚಿಪ್ಪಿನ ಒಳಗೆ ಒಂದೇ ಸಲ ಬರೆಯಬಹುದಾದ ಈಫ್ಯೂಸ್ ಸುಟ್ಟು ಫ್ಲ್ಯಾಶ್ ವೋಲ್ಟೇಜನ್ನು 3.3ಕ್ಕೇ ಕಾಯಂ ಮಾಡಿದರೆ 12 ಎಲ್ಲಿದ್ದರೂ ನಡೆಯುತ್ತದೆ. ಆದರೆ ಅದನ್ನು ಮತ್ತೆ ಹಿಂದೆ ತೆಗೆಯಲು ಬರುವುದಿಲ್ಲ, ಮುಂದೆ ಮಾಡ್ಯೂಲ್ ಬದಲಿಸಿದರೆ ಅದಕ್ಕೂ ನೆನಪಿಟ್ಟು ಸುಡಬೇಕು. ನನಗೆ ಮನಸ್ಸು ಬರಲಿಲ್ಲ. ಬ್ಲೇಡಿನಲ್ಲಿ 12ಕ್ಕೆ ಹೋಗುವ ಟ್ರ್ಯಾಕ್ ಕೆರೆದು ಕತ್ತರಿಸಿದೆ. ಮಾಡ್ಯೂಲಿನ ಅಂಚಿನಲ್ಲಿ 12ರ ಪಕ್ಕ 14, ಅದರ ಪಕ್ಕ 27. 14 ಆಗಲೇ ಬೇರೆ ಕೆಲಸಕ್ಕೆ ಹೋಗಿತ್ತು. ಅದನ್ನು ದಾಟಿ 27ಕ್ಕೆ ಕೂದಲಿನಂಥ ಎನಾಮೆಲ್ ತಂತಿ ಎಳೆದು ಸೋಲ್ಡರ್ ಮಾಡಿದೆ, ಪ್ರೋಗ್ರಾಂನಲ್ಲಿ ಒಂದು ನಂಬರ್ ಬದಲಿಸಿದೆ.

ಟ್ಯಾಂಕ್ ತುಂಬಿಸಿ, ಮೇನ್ ಸ್ವಿಚ್ ಇಪ್ಪತ್ತು ಸಲ ತೆಗೆದು ಹಾಕಿದೆ. ಇಪ್ಪತ್ತು ಸಲವೂ 13. ಈಗ ಎರಡನೇ ಬೋರ್ಡಿನ ಡ್ರಾಯಿಂಗ್ ಮಾಡುತ್ತಿದ್ದೇನೆ. ಫ್ಲೋಟ್ 27ಕ್ಕೆ ಹೋಗಿದೆ, 12ರ ಪಿನ್ನಿಗೆ ಯಾವ ಗೆರೆಯೂ ಇಲ್ಲ.